ಅಳುವ ಕೀರ್ತನೆಗಳನ್ನು ಓದಲು ಕಲಿಸಿದ ಬಲ್ಮಠ

ಹಳೆಯ ವಿದ್ಯಾರ್ಥಿಗಳಿಗೆ ನೆನಪು ಬರೆಯಲು ಹೇಳಿದರೆ ಹೆಚ್ಚಿನವರು ಹಾಸ್ಟೆಲ್ಲಿನ ಊಟ, ಕ್ರಿಸ್‌ಮಸ್ ಕ್ಯಾರಲ್, ಗುಡ್ಡದ ಮರಗಳ ಬಗ್ಗೆ ಬರೆಯುತ್ತಾರೆ. ಅವೆಲ್ಲ ನನಗೂ ಪ್ರಿಯವೇ. ಆದರೆ ಸಭಾಪಾಲಕರಾಗುವವರು ಓದುವ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಕಲಿತದ್ದರಲ್ಲಿ ಇವತ್ತಿಗೂ ಸಭೆಯ, ಅಂದರೆ ಚರ್ಚಿನ, ಕೆಲಸಕ್ಕೆ ಜಾಸ್ತಿ ಬೇಕಾಗುವುದು ಒಂದು ಪಾಠ. ದೇವರ ಮುಂದೆ ಅಳುವುದೂ ಪ್ರಾರ್ಥನೆ, ದೂರು ಹೇಳುವುದೂ ಪ್ರಾರ್ಥನೆ. ಅದರ ಬಗ್ಗೆಯೇ ಬರೆಯುತ್ತೇನೆ.

ನಾನು ಕಾಲೇಜಿಗೆ ಬಂದಾಗ ಪ್ರಾರ್ಥನೆ ಅಂದರೆ ನನಗೆ ಒಂದು ಸಿದ್ಧ ರೂಪವಿತ್ತು. ಮೊದಲು ಸ್ತೋತ್ರ, ಆಮೇಲೆ ಕ್ಷಮೆ, ಆಮೇಲೆ ಬೇಡಿಕೆ, ಕೊನೆಗೆ ಮತ್ತೆ ಸ್ತೋತ್ರ. ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ಅಪ್ಪ ಹಾಗೇ ಪ್ರಾರ್ಥಿಸುತ್ತಿದ್ದರು. ಸಂಡೇ ಸ್ಕೂಲಿನಲ್ಲೂ ಹಾಗೇ ಕಲಿಸಿದ್ದರು. ಆ ರೂಪದಲ್ಲಿ ತಪ್ಪೇನಿಲ್ಲ. ಅದರಲ್ಲಿ ನಾನು ಬೆಳೆದೆ, ಅದಕ್ಕೆ ಋಣಿ. ಆದರೆ ಮನೆಯಲ್ಲಿ ಸಾಲ ಏರಿದಾಗಲೂ, ಅಜ್ಜಿ ನೋವಿನಿಂದ ನರಳುತ್ತಿದ್ದಾಗಲೂ ಆ ಪ್ರಾರ್ಥನೆಯ ಮಾತು ಬದಲಾಗುತ್ತಿರಲಿಲ್ಲ. ಸಂಕಟ ಒಂದು ಕಡೆ, ಪ್ರಾರ್ಥನೆ ಇನ್ನೊಂದು ಕಡೆ.

ಬೆಳಗಿನ ಚಾಪೆಲ್ ಆರಾಧನೆಯಲ್ಲಿ ಮೊದಲ ಸಲ ಬೇರೆ ಧಾಟಿ ಕೇಳಿದೆ. ನಮ್ಮ ತರಗತಿಯಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಬೇರೆ ಬೇರೆ ಡಯಾಸಿಸ್‌ನವರಿದ್ದರು, ಅಂದರೆ ಬೇರೆ ಬೇರೆ ಬಿಷಪರ ಪ್ರಾಂತ್ಯದವರು, ಬೀದರ್ ಕಡೆಯ ಮೆಥೋಡಿಸ್ಟ್ ಸಭೆಯವರಿದ್ದರು. ಕರಾವಳಿಯ ನಾವು ಮನೆಯಲ್ಲಿ ತುಳು ಮಾತಾಡಿ ಪ್ರಾರ್ಥನೆಗೆ ಮಾತ್ರ ಪುಸ್ತಕದ ಕನ್ನಡ ಹಿಡಿಯುವವರು. ಧಾರವಾಡದ ಗೆಳೆಯನ ಸರದಿ ಬಂದ ದಿನ ಅವನು ತನ್ನ ಊರಿನ ಬರದ ಬಗ್ಗೆ ಪ್ರಾರ್ಥಿಸಿದ. "ತಂದಿ, ನಮ್ಮನ್ನ ಮರತ್ ಬಿಟ್ಟೀಯೇನು? ನೆಲಾ ಬಿರದೈತಿ, ನೋಡವಲ್ಲಿ" ಅಂದ. ಕೆಲವರು ಕಣ್ಣು ತೆರೆದು ನೋಡಿದರು. ದೇವರ ಹತ್ತಿರ ಹೀಗೂ ಮಾತಾಡಬಹುದಾ ಅನ್ನುವುದು ನನ್ನ ಮನಸ್ಸಿನಲ್ಲಿ ಉಳಿಯಿತು. ಅವನ ಅಜ್ಜ ಬೆಟಗೇರಿಯ ನೇಕಾರರಂತೆ. ಅವರ ಮನೆಯಲ್ಲಿ ಎಲ್ಲರೂ ಹಾಗೇ ಪ್ರಾರ್ಥಿಸುವುದಂತೆ.

ಅದರ ಉತ್ತರ ಸಿಕ್ಕಿದ್ದು ಬೈಬಲಿನ ಮೊದಲ ಭಾಗವಾದ ಹಳೇ ಒಡಂಬಡಿಕೆಯ ತರಗತಿಯಲ್ಲಿ. ನಮ್ಮ ಮೇಷ್ಟ್ರು ಮೆತ್ತಗೆ ಮಾತಾಡುವವರು. ಅದರಲ್ಲಿನ ಹಾಡುಗಳಾದ ಕೀರ್ತನೆಗಳ ಪಾಠ ಶುರು ಮಾಡಿದ ದಿನ ಅವರು ಪುಸ್ತಕ ತೆರೆಯಲಿಲ್ಲ. "ನಿಮಗೆ ಬಾಯಿಪಾಠ ಬರುವ ಕೀರ್ತನೆ ಹೇಳಿ" ಅಂದರು. ಎಲ್ಲರೂ 23 ಹೇಳಿದೆವು. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಆಮೇಲೆ ಯಾರೋ 121, ಯಾರೋ 100. "13 ಯಾರಿಗೆ ಬರುತ್ತೆ? 88?" ಅಂತ ಕೇಳಿದರು. ಒಬ್ಬರಿಗೂ ಬರಲಿಲ್ಲ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಇವತ್ತಿನಿಂದ ಬರಲಿ" ಅಂದರು.

13ನೇ ಕೀರ್ತನೆ ತುಂಬ ಚಿಕ್ಕದು, 6 ವಚನ ಅಷ್ಟೆ. ಶುರುವಿನಲ್ಲೇ 4 ಸಲ ಒಂದೇ ಪ್ರಶ್ನೆ ಬರುತ್ತದೆ, ಎಲ್ಲಿಯ ತನಕ? ಎಲ್ಲಿಯ ತನಕ ನನ್ನನ್ನು ಮರೆತಿರುತ್ತೀ, ಎಲ್ಲಿಯ ತನಕ ಮುಖ ಮರೆಮಾಡುತ್ತೀ. ಆಮೇಲೆ ಬೇಡಿಕೆ. ಕೊನೆಯಲ್ಲಿ ಭರವಸೆ, ಹಾಡು. ಮೇಷ್ಟ್ರು ಹಲಗೆಯ ಮೇಲೆ ಆ ಮೆಟ್ಟಿಲುಗಳನ್ನು ಬರೆದರು: ದೇವರನ್ನು ಕರೆಯುವುದು, ದೂರು, ಬೇಡಿಕೆ, ನಂಬಿಕೆಯ ಮಾತು, ಸ್ತುತಿಯ ಹರಕೆ. ಜರ್ಮನಿಯ ಹರ್ಮನ್ ಗುಂಕೆಲ್ ಎಂಬ ಪಂಡಿತರು ಕೀರ್ತನೆಗಳನ್ನು ಹೀಗೆ ಬಗೆಬಗೆಯಾಗಿ ವಿಂಗಡಿಸಿದರು ಎಂದು ಹೇಳಿಕೊಟ್ಟರು. 150 ಕೀರ್ತನೆಗಳಲ್ಲಿ ಪ್ರಲಾಪದವೇ, ಅಂದರೆ ಅಳಲು ತೋಡಿಕೊಳ್ಳುವವೇ, ಎಲ್ಲಕ್ಕಿಂತ ಹೆಚ್ಚು, ಸುಮಾರು ಮೂರರಲ್ಲಿ ಒಂದು ಪಾಲು. ಈ ಮಾತು ನನ್ನನ್ನು ಅಲುಗಿಸಿಬಿಟ್ಟಿತು. ಇಸ್ರಾಯೇಲಿನ ದೇವಾಲಯದ ಹಾಡಿನ ಪುಸ್ತಕದಲ್ಲಿ ಅಳುವ ಹಾಡುಗಳು ಅಷ್ಟು. ನಮ್ಮ ಭಾನುವಾರದ ಆರಾಧನೆಯಲ್ಲಿ ಎಷ್ಟು?

88ನೇ ಕೀರ್ತನೆಗೆ ಬಂದಾಗ ತರಗತಿ ಸ್ವಲ್ಪ ಬಿಸಿಯಾಯಿತು. ಅದರಲ್ಲಿ ಮೆಟ್ಟಿಲು ಮೇಲೇರುವುದಿಲ್ಲ. ಕೊನೆಯಲ್ಲಿ ಹಾಡೂ ಇಲ್ಲ, ಹರಕೆಯೂ ಇಲ್ಲ. ಗೆಳೆಯರನ್ನು ದೂರ ಮಾಡಿದ್ದೀ ಅನ್ನುವ ಮಾತು, ಕತ್ತಲೆ. ಅಲ್ಲಿಗೆ ಮುಗಿಯುತ್ತದೆ. ನಮ್ಮಲ್ಲಿ ಒಬ್ಬ ಎದ್ದು ಕೇಳಿದ, "ಇದರಲ್ಲಿ ನಂಬಿಕೆ ಎಲ್ಲಿದೆ ಸರ್?" ಮೇಷ್ಟ್ರು ಮೊದಲ ವಚನ ಮತ್ತೆ ಓದಲು ಹೇಳಿದರು. ಅಲ್ಲಿ ಅವನು ದೇವರನ್ನು ತನ್ನ ರಕ್ಷಣೆಯ ದೇವರು ಎಂದೇ ಕರೆಯುತ್ತಾನೆ. "ಹಗಲೂ ರಾತ್ರಿಯೂ ಕೂಗುತ್ತಿದ್ದಾನಲ್ಲ, ಯಾರ ಹತ್ತಿರ ಕೂಗುತ್ತಿದ್ದಾನೆ? ನಂಬಿಕೆ ಇಲ್ಲದವನು ಕೂಗುವುದಿಲ್ಲ, ಎದ್ದು ಹೋಗುತ್ತಾನೆ" ಅಂದರು.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನೂ ಅದೇ ವಾರ ಓದಿಸಿದರು. ಲಾಜರ ಸತ್ತು 4 ದಿನ ಆಗಿದೆ. ಮಾರ್ಥ ಊರ ಹೊರಗೇ ಬಂದು ಯೇಸುವಿಗೆ ಹೇಳುತ್ತಾಳೆ, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಆಮೇಲೆ ಮರಿಯಳು ಬಂದು ಕಾಲಿಗೆ ಬಿದ್ದು ಅದೇ ಮಾತು ಹೇಳುತ್ತಾಳೆ. ಒಂದೇ ಮನೆಯಿಂದ ಒಂದೇ ದೂರು, ಎರಡು ಸಲ. ಯೇಸು ಇಬ್ಬರನ್ನೂ ಗದರಿಸುವುದಿಲ್ಲ. ಅವನೂ ಅಳುತ್ತಾನೆ. ಸಾವಿನ ಮನೆಗೆ ಹೋಗುವ ಪ್ರತಿ ಸಭಾಪಾಲಕರೂ ಬಾಗಿಲು ದಾಟುವ ಮುಂಚೆ ಈ ಅಧ್ಯಾಯವನ್ನು ನೆನಪು ಮಾಡಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಇದನ್ನೆಲ್ಲ ನಾವು ಕನ್ನಡದಲ್ಲೇ ಕಲಿತೆವು ಎಂಬುದು ಸಣ್ಣ ಸಂಗತಿ ಅಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಮಿಶನ್ನಿನ ಮೋಗ್ಲಿಂಗ್ ಇದೇ ಬಲ್ಮಠದಲ್ಲಿ ಹುಡುಗರಿಗೆ ಕಲಿಸಿದರು. ಅವರು 1843ರಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಅವರ ಹಿಂದೆ ಬಂದ ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಈಗಿನ ಕಾಲೇಜು 1965ರಲ್ಲಿ ಶುರುವಾದಾಗ ಆ ದಾರಿಯನ್ನೇ ಹಿಡಿಯಿತು. ದೇವರ ಬಗ್ಗೆ ಯೋಚಿಸುವುದು ನಮ್ಮ ಜನರ ಮಾತಿನಲ್ಲಿ ನಡೆಯಬೇಕು. ಸಂಕಟ ಬಂದಾಗ ಮನುಷ್ಯ ಕಲಿತ ಭಾಷೆಯಲ್ಲಿ ಕೂಗುವುದಿಲ್ಲ, ಅಲ್ವಾ? ಇಂಗ್ಲಿಷಿನಲ್ಲಿ ಪ್ರಲಾಪದ ಬಗ್ಗೆ ಒಳ್ಳೆಯ ಪ್ರಬಂಧ ಬರೆದಿರಬಹುದಿತ್ತು. ಆದರೆ ಮಂಗಳೂರಿನ ಜೆಪ್ಪುವಿನ ಒಂದು ಮನೆಯಲ್ಲಿ ಅದು ಕೆಲಸಕ್ಕೆ ಬರುತ್ತಿರಲಿಲ್ಲ.

ಆ ಮನೆಯ ಬಗ್ಗೆ ಹೇಳಬೇಕು. ವಾರದ ಕೊನೆಗೆ ನಮ್ಮನ್ನು ಒಂದೊಂದು ಸಭೆಗೆ ಸೇವೆಗೆ ಕಳಿಸುತ್ತಿದ್ದರು. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ 1865ರಲ್ಲಿ ಶುರುವಾಗಿತ್ತು. ಕ್ರೈಸ್ತರಾಗಿ ಕುಲಕಸುಬು ಕಳೆದುಕೊಂಡವರಿಗೆ ಕೆಲಸ ಕೊಡುವುದೂ ಅದರ ಉದ್ದೇಶವಾಗಿತ್ತು. ನಾವು ಹೋದ ಮನೆಯ ಹಿಂದಿನ ತಲೆಮಾರುಗಳು ಹಂಚಿನ ಕೆಲಸದಲ್ಲೇ ಬದುಕಿದ್ದವು. ಆ ಮನೆಯ ಮಗ ಅಪಘಾತದಲ್ಲಿ ತೀರಿಕೊಂಡಿದ್ದ. ಚಿಕ್ಕ ವಯಸ್ಸು. ಗೃಹ ಪ್ರಾರ್ಥನೆಗೆ ಅಕ್ಕಪಕ್ಕದವರೆಲ್ಲ ಸೇರಿದ್ದರು. ಬಂದವರಲ್ಲಿ ಒಬ್ಬರು ಪ್ರಾರ್ಥಿಸುತ್ತಾ, "ಕರ್ತನೇ, ಇದು ನಿನ್ನ ಚಿತ್ತ, ಇದಕ್ಕಾಗಿಯೂ ಸ್ತೋತ್ರ" ಅಂದರು. ತಾಯಿ ಎದ್ದು ಅಡಿಗೆಮನೆಗೆ ಹೋಗಿಬಿಟ್ಟರು. ಆ ಸ್ತೋತ್ರ ಗಾಯ ತೊಳೆಯದೆ ಬಟ್ಟೆ ಸುತ್ತಿದ ಹಾಗಿತ್ತು. ಹೇಳಿದವರ ಮನಸ್ಸು ಒಳ್ಳೆಯದೇ, ಅದರಲ್ಲಿ ಸಂಶಯವಿಲ್ಲ. ಅವರಿಗೆ ಬೇರೆ ಪ್ರಾರ್ಥನೆಯನ್ನು ಸಭೆ ಯಾವತ್ತೂ ಕಲಿಸಿರಲಿಲ್ಲ.

ನಮ್ಮ ಜೊತೆ ಬಂದಿದ್ದ ಹಿರಿಯ ಸಭಾಪಾಲಕರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ 13ನೇ ಕೀರ್ತನೆ ಓದಲು ನನಗೆ ಸನ್ನೆ ಮಾಡಿದರು. ಓದಿದೆ. ಎಲ್ಲಿಯ ತನಕ ಎಂಬ ಸಾಲುಗಳು ಬರುವಾಗ ತಾಯಿ ಬಾಗಿಲಿನ ಹತ್ತಿರ ಬಂದು ನಿಂತರು. ಓದಿ ಮುಗಿದ ಮೇಲೆ ತುಳುವಿನಲ್ಲಿ ಕೇಳಿದರು, "ಇದು ಬೈಬಲಿನಲ್ಲೇ ಇದೆಯಾ?" ಇದೆ ಅಂದೆ. "ಇನ್ನೊಮ್ಮೆ ಓದಿ" ಅಂದರು. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಬಾಯಿ ಬಿಟ್ಟು ಕೆಡಿಸುವ ಮುಂಚೆ 7 ಹಗಲು 7 ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದು. ನಮ್ಮ ಸಭಾಪಾಲಕರಿಗೆ ಆ ವಿದ್ಯೆ ಗೊತ್ತಿತ್ತು.

ಈಗ ನಾನೇ ಸಭೆ ನೋಡಿಕೊಳ್ಳುತ್ತಿದ್ದೇನೆ. ಕಾಲೇಜಿನ ಈ ಪಾಠ ಎಷ್ಟು ಬೇಕಾಗಿದೆ ಎಂದು ವರ್ಷ ಹೋದ ಹಾಗೆ ಜಾಸ್ತಿ ಕಾಣುತ್ತಿದೆ. ನಮ್ಮ ಹಾಡುಗಳು ದಿನದಿಂದ ದಿನಕ್ಕೆ ಬರೀ ಜಯದ ಹಾಡುಗಳಾಗುತ್ತಿವೆ. ಕೀಬೋರ್ಡು, ಡ್ರಮ್ಸು, ಪರದೆಯ ಮೇಲೆ ಸಾಲುಗಳು. ಯುವಕರ ಉತ್ಸಾಹ ನನಗೆ ಖುಷಿ ಕೊಡುತ್ತದೆ. ಆದರೆ ಕೆಲಸ ಹೋದವನು, ಮಕ್ಕಳಾಗದೆ ನೊಂದವಳು, ಡಯಾಲಿಸಿಸ್‌ಗೆ ಹೋಗಿಬಂದು ಹಿಂದಿನ ಬೆಂಚಿನಲ್ಲಿ ಕೂತವರು ಯಾವ ಹಾಡು ಹಾಡಬೇಕು?

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಹೊಸ ವರ್ಷಕ್ಕೆ ಒಂದೊಂದು ಬೈಬಲ್ ವಚನವಿರುವ ವಾಗ್ದಾನದ ಕಾರ್ಡು ಹಂಚುತ್ತೇವಲ್ಲ, ಅದನ್ನೇ ನೋಡಿ. ಯೆರೆಮೀಯ 29:11 ಎಲ್ಲರಿಗೂ ಇಷ್ಟ, ಒಳ್ಳೆಯ ಗತಿ ಬರುವುದೆಂಬ ನಿರೀಕ್ಷೆಯ ಮಾತು ಅದು. ಅದು ಬಾಬೆಲಿಗೆ ಸೆರೆಹೋದ ಜನರಿಗೆ ಬರೆದ ಪತ್ರದ ಸಾಲು. ಅದರ ಹಿಂದಿನ ವಚನದಲ್ಲೇ 70 ವರ್ಷ ಎಂದಿದೆ. ಪತ್ರ ಕೇಳಿಸಿಕೊಂಡ ಎಷ್ಟೋ ಜನ ಊರಿಗೆ ಮರಳುವ ದಿನವನ್ನು ನೋಡುವವರಲ್ಲ. ಮನೆ ಕಟ್ಟಿ, ತೋಟ ಹಾಕಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಪ್ರವಾದಿ ಅವರಿಗೆ ಹೇಳಿದ. 11ನೇ ವಚನವನ್ನು ಮಾತ್ರ ಕತ್ತರಿಸಿ ಕೊಟ್ಟರೆ ಆ ಕಾಯುವಿಕೆ ಬಿಟ್ಟುಹೋಗುತ್ತದೆ. ಬೈಬಲಿನ 'ಪ್ರಲಾಪಗಳು' ಪುಸ್ತಕದ 3ನೇ ಅಧ್ಯಾಯದ ಕಥೆಯೂ ಅದೇ. ದೇವರ ಕರುಣೆ ಬೆಳಗುಬೆಳಗೂ ಹೊಸದು ಎಂಬ ಮಾತು ಕ್ಯಾಲೆಂಡರಿನಲ್ಲಿ ಇರುತ್ತದೆ. ಆ ಮಾತಿನ ಸುತ್ತ 5 ಅಧ್ಯಾಯಗಳ ಅಳು ಇದೆ, ಸುಟ್ಟುಹೋದ ಯೆರೂಸಲೇಮ್ ಇದೆ. ಅಷ್ಟು ಅತ್ತ ಬಾಯಿಂದ ಬಂದದ್ದರಿಂದಲೇ ಆ ಮಾತನ್ನು ನಾನು ನಂಬುತ್ತೇನೆ.

ಕೊರೋನಾ ಕಾಲದಲ್ಲಿ ಈ ಕೀರ್ತನೆಗಳೇ ನನಗೆ ಊರುಗೋಲಾದವು. ಸಮಾಧಿಯ ಹತ್ತಿರ ಕೆಲವೇ ಜನ. ಮಾಸ್ಕು, ದೂರ ದೂರ ನಿಲ್ಲಬೇಕು, ಯಾರ ಕೈಯನ್ನೂ ಹಿಡಿಯುವ ಹಾಗಿಲ್ಲ. ನಮ್ಮ ಸಿ.ಎಸ್.ಐ. ಆರಾಧನಾ ಕ್ರಮದಲ್ಲಿ ಕರ್ತನ ಭೋಜನಕ್ಕೆ ಮುಂಚೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತೇವೆ, ಒಬ್ಬರ ಕೈಗಳನ್ನು ಇನ್ನೊಬ್ಬರು ತಮ್ಮ ಅಂಗೈಗಳ ನಡುವೆ ತೆಗೆದುಕೊಂಡು. 1950ರ ಕ್ರಮದಿಂದಲೇ ಬಂದ ಪದ್ಧತಿ ಅದು. ಅದೂ ನಿಂತಿತ್ತು. ಆಗ ಗೆಳೆಯರನ್ನು ದೂರ ಮಾಡಿದ್ದೀ ಎಂಬ 88ನೇ ಕೀರ್ತನೆಯ ಸಾಲನ್ನು ನಾನು ಫೋನಿನಲ್ಲಿ ಎಷ್ಟೋ ಮನೆಗಳಿಗೆ ಓದಿ ಹೇಳಿದೆ. ವಿವರಣೆ ಕೊಡಲಿಲ್ಲ. ಆ ಕಡೆಯಿಂದ ಅಳು ಕೇಳಿಸುತ್ತಿತ್ತು. ಎಷ್ಟೋ ದಿನ ಅದೇ ನಮ್ಮ ಆಮೆನ್ ಆಗಿತ್ತು.

ಶುಭ ಶುಕ್ರವಾರದ ಮಧ್ಯಾಹ್ನ 12ರಿಂದ 3ರವರೆಗಿನ ಆರಾಧನೆ ನಮ್ಮ ವರ್ಷದಲ್ಲೇ ಜನ ಜಾಸ್ತಿ ಸೇರುವ ದಿನಗಳಲ್ಲಿ ಒಂದು. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ನಾಲ್ಕನೆಯದು ಬಂದಾಗ, "ಎಲೋಹೀ ಎಲೋಹೀ", ನನ್ನ ದೇವರೇ, ಯಾಕೆ ಕೈಬಿಟ್ಟೆ ಎಂಬ ಕೂಗು, ನಾನು ಅದನ್ನು ಬೇಗ ವಿವರಿಸಲು ಹೋಗುವುದಿಲ್ಲ. ಅದೇ ಕೂಗಿನಿಂದ ಶುರುವಾಗುವ 22ನೇ ಕೀರ್ತನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿಸುತ್ತೇನೆ. ಕರ್ತನು ಸಾಯುವ ಹೊತ್ತಿಗೆ ತನ್ನದೇ ಹೊಸ ಮಾತು ಹುಡುಕಲಿಲ್ಲ. ಚಿಕ್ಕಂದಿನಿಂದ ಸಭಾಮಂದಿರದಲ್ಲಿ ಕೇಳಿದ ಅಳುವ ಕೀರ್ತನೆಯೇ ಅವನ ಬಾಯಿಗೆ ಬಂತು. ನಮ್ಮ ಮಕ್ಕಳಿಗೆ ಆ ಹೊತ್ತಿಗೆ ಬಾಯಿಗೆ ಬರುವಂಥದ್ದನ್ನು ನಾವು ಕಲಿಸಿದ್ದೇವಾ? ಸಂಡೇ ಸ್ಕೂಲಿನ ಕಂಠಪಾಠ ಸ್ಪರ್ಧೆಗೆ ನಾನು ಈಗ 23ರ ಜೊತೆ 13ನ್ನೂ ಸೇರಿಸಿದ್ದೇನೆ. ಕೆಲವು ತಂದೆತಾಯಂದಿರು ಮಕ್ಕಳಿಗೆ ಇದೆಲ್ಲ ಯಾಕೆ ಅಂದರು. ಕೂತು ಮಾತಾಡಿದೆವು. ಮಕ್ಕಳಿಗೂ ದುಃಖ ಇದೆ, ಅದನ್ನು ದೇವರ ಹತ್ತಿರ ಹೇಳಬಹುದು ಎಂದು ಅವರಿಗೆ ಗೊತ್ತಾಗಲಿ ಎಂದೆ. ಈಗ ಮಕ್ಕಳು ಅದನ್ನು ಚೆನ್ನಾಗಿ ಹೇಳುತ್ತಾರೆ.

ತಿಂಗಳಿಗೊಂದು ಬುಧವಾರ ಸಂಜೆ ನಮ್ಮಲ್ಲಿ ಒಂದು ಪ್ರಾರ್ಥನೆ ನಡೆಯುತ್ತದೆ. ವಾದ್ಯ ಇಲ್ಲ, ಪ್ರಸಂಗ ಇಲ್ಲ. ಒಂದು ಪ್ರಲಾಪ ಕೀರ್ತನೆಯನ್ನು ನಿಧಾನವಾಗಿ ಎರಡು ಸಲ ಓದುತ್ತೇವೆ. ಆಮೇಲೆ ಯಾರು ಬೇಕಾದರೂ ತಮ್ಮ ಮನೆಯ ಮಾತಿನಲ್ಲಿ, ಕನ್ನಡವೋ ತುಳುವೋ ಕೊಂಕಣಿಯೋ, ದೂರು ಹೇಳಬಹುದು. ಯಾರೂ ತಿದ್ದುವುದಿಲ್ಲ, ಸಮಾಧಾನದ ವಚನ ಹುಡುಕಿ ಕೊಡುವುದಿಲ್ಲ. ಜನ ಕಡಿಮೆ ಬರುತ್ತಾರೆ. ಆದರೆ ಭಾನುವಾರ ಚರ್ಚಿಗೆ ಬರುವುದನ್ನು ಬಿಟ್ಟಿದ್ದ ಒಬ್ಬ ಹಿರಿಯರು ಬುಧವಾರ ತಪ್ಪಿಸುವುದಿಲ್ಲ. ಅವರ ಹೆಂಡತಿ ತೀರಿಕೊಂಡ ಮೇಲೆ ಸ್ತುತಿಯ ಹಾಡುಗಳನ್ನು ಹಾಡಲು ಅವರಿಂದ ಆಗುತ್ತಿರಲಿಲ್ಲವಂತೆ.

ಈಗ ಬಲ್ಮಠದಲ್ಲಿ ಓದುತ್ತಿರುವವರಿಗೆ ಒಂದು ಕೋರಿಕೆ. ಸೇವೆಗೆ ಹೋಗುವ ಮುಂಚೆ 13, 22, 42, 77, 88, 130, ಈ ಆರು ಕೀರ್ತನೆಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿ, ಸಾಲು ಸಾಲಿಗೆ ಉಸಿರು ಬಿಡಿ. ಆಸ್ಪತ್ರೆಯ ಮಂಚದ ಹತ್ತಿರ ಪುಸ್ತಕ ತೆರೆದು ಪುಟ ಹುಡುಕುವ ಹೊತ್ತು ಇರುವುದಿಲ್ಲ. ಬರುವ ಲೆಂಟ್‌ನಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ, ನಮ್ಮ ಸಭೆಯಲ್ಲಿ ವಾರಕ್ಕೊಂದರಂತೆ ಈ ಆರನ್ನೂ ಓದುತ್ತೇವೆ. ರಜೆಯಲ್ಲಿ ಈ ಕಡೆ ಬರುವವರು ಒಂದು ವಾರದ ಓದನ್ನು ವಹಿಸಿಕೊಂಡರೆ ನನಗೆ ತುಂಬ ಸಂತೋಷ.