ಪಾಲಿಗೆ ಕುದುರೆ ಕೇಳಲು ಹೋಗುವಾಗ

ಕುದುರೆ ಒಬ್ಬರದು, ವಾರಕ್ಕೆ ಎರಡು ಮೂರು ದಿನ ಇನ್ನೊಬ್ಬರು ಬಂದು ಸವಾರಿ ಮಾಡಿ, ಮೈ ತಿಕ್ಕಿ, ಲಾಯ ಗುಡಿಸಿ, ತಿಂಗಳ ಖರ್ಚಿನಲ್ಲಿ ಒಂದು ಪಾಲು ಕೊಡುತ್ತಾರೆ. ಕೆಲವರು ಇದನ್ನು ಶೇರ್ ಎನ್ನುತ್ತಾರೆ, ನಾನು ಪಾಲು ಎನ್ನುತ್ತೇನೆ. ಕಂಬಳ ನೋಡಿ ಬೆಳೆದ ನಮಗೆ ಇದು ತೀರ ಹೊಸದೇನಲ್ಲ. ಓಟಗಾರ ಎಷ್ಟೇ ಹೆಸರು ಮಾಡಿದ್ದರೂ ಕೋಣಗಳಿಗೆ ಏನು ತಿನ್ನಿಸಬೇಕು, ಯಾವ ಕರೆಗೆ, ಅಂದರೆ ಓಟದ ಕೆಸರುಗದ್ದೆಗೆ, ಇಳಿಸಬೇಕು ಎಂಬುದು ಯಜಮಾನರ ಮನೆಯಲ್ಲೇ ತೀರ್ಮಾನವಾಗುತ್ತದೆ.

ಎರಡು ವರ್ಷಗಳ ಹಿಂದೆ ಉಡುಪಿಯ ಹೊರವಲಯದ ತೋಟವೊಂದಕ್ಕೆ ಹೆಣ್ಣು ಕುದುರೆಯೊಂದನ್ನು ನೋಡಲು ಹೋದಾಗ ನಾನು ಇದನ್ನು ಮರೆತಿದ್ದೆ. ಚೀಲದಲ್ಲಿ ಬೆಲ್ಲ ತಂದಿದ್ದೆ. ಕುದುರೆ ಕತ್ತು ಚಾಚಿ, ಮೇಲ್ದುಟಿಯನ್ನು ಉದ್ದ ಮಾಡಿ ನನ್ನ ಅಂಗೈ ತಡಕುತ್ತಿರುವಾಗಲೇ ಒಡತಿ, ನಾನು ಅಕ್ಕ ಎಂದು ಕರೆಯುವ ಹಿರಿಯರು, ಅಂಗಳದಿಂದಲೇ ಕೂಗಿದರು: "ಬೆಲ್ಲ ಕೊಡ್ಬೇಡಿ ಮಾರಾಯ್ರೇ, ಅವಳಿಗೆ ಗೊರಸಿನ ತೊಂದರೆ ಉಂಟು!" ಗೊರಸಿನ ಒಳಪದರಕ್ಕೆ ಒಮ್ಮೆ ಉರಿಯೂತ ಬಂದು ಹೋದ ಕುದುರೆಗೆ ಸಿಹಿ, ಧಾನ್ಯ ಹೆಚ್ಚಾದರೆ ಅದು ಮರುಕಳಿಸಬಹುದು, ಜೋರಾದರೆ ಕಾಲೂರಲೂ ಆಗುವುದಿಲ್ಲ. ಅಂದಿನಿಂದ ಬರಿಗೈಯಲ್ಲಿ ಹೋಗುತ್ತೇನೆ, ಕೇಳದೆ ಮುಟ್ಟುವುದೂ ಇಲ್ಲ.

ನಮ್ಮ ಬಗ್ಗೆ ಹೇಳಬೇಕಾದ ನಿಜವನ್ನು ಫೋನಿನಲ್ಲೇ ಹೇಳಿಬಿಡಬೇಕು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇಕಡ 20ನ್ನು ಮೀರಬಾರದೆಂಬ ಲೆಕ್ಕ ರೂಢಿಯಲ್ಲಿದೆ. 400 ಕಿಲೋದ ಕುದುರೆಯಾದರೆ 80 ಕಿಲೋ. ತೂಕ ಕೇಳಿದಾಗ ಐದಾರು ಕಿಲೋ ಇಳಿಸಿ ಹೇಳುವುದು, ಸವಾರಿ ಕಲಿತು ಆರು ತಿಂಗಳಾಗಿದ್ದರೆ ಎರಡು ವರ್ಷ ಎನ್ನುವುದು, ಮಾತಾಡಲಾಗದ ಪ್ರಾಣಿಯ ಬೆನ್ನಿನ ಮೇಲೆ ಹೇಳುವ ಸುಳ್ಳು. ಮೊದಲ ದಿನ ಒಡೆಯರೋ ಕುದುರೆ ನೋಡಿಕೊಳ್ಳುವ ಸೈಸ್‌ರೋ ಹತ್ತಿ ತೋರಿಸಲಿ ಎಂದು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ, ಅವರು ಇಳಿದ ಮೇಲೆ ನಾವು ಹತ್ತಿದರಾಯಿತು.

ಹಣದ ಮಾತನ್ನೂ ಅದೇ ದಿನ ಆಡಬೇಕು. ಲಾಳ ಕಟ್ಟುವವರು 6ರಿಂದ 8 ವಾರಕ್ಕೊಮ್ಮೆ ಬರಲೇಬೇಕು; ಅದರಲ್ಲಿ ನಮ್ಮ ಪಾಲೆಷ್ಟು, ನಡುರಾತ್ರಿ ಹೊಟ್ಟೆನೋವು ಬಂದು ಪಶುವೈದ್ಯರನ್ನು ಕರೆಸಿದರೆ ಯಾರು ಕೊಡಬೇಕು, ಬಿಡುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದೆಲ್ಲ ಒಂದು ಹಾಳೆಯಲ್ಲಿ ಬರೆದಿರಲಿ. ನಮ್ಮ ಕರಾವಳಿಯಲ್ಲಿ ಇನ್ನೊಂದು ಪ್ರಶ್ನೆಯಿದೆ, ಅದನ್ನು ಕೇಳುವವರು ಕಡಿಮೆ: ಆಟಿ ತಿಂಗಳ ಮಳೆಯಲ್ಲಿ ಬರುತ್ತೀರಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲಾಯದ ನೆಲ ಸರಿಯಾಗಿ ಒಣಗುವುದೇ ಇಲ್ಲ, ಗೊರಸಿನ ಅಡಿಯ ಮೆತ್ತನೆಯ ಭಾಗ ಕಪ್ಪಾಗಿ ಕೊಳೆತು ನಾರತೊಡಗುತ್ತದೆ, ದಿನವೂ ಕಾಲೆತ್ತಿ ಕೆಸರು ಕೆರೆದು ಒಣಗಿಸಬೇಕಾಗುತ್ತದೆ. ಡಿಸೆಂಬರಿನ ಮುಂಜಾನೆಗಷ್ಟೇ ಬರುವ ಮನಸ್ಸಿದ್ದರೆ ಪಾಲು ಕೇಳಬಾರದು, ಗಂಟೆಗಿಷ್ಟು ಎಂದು ಕೊಟ್ಟು ಸವಾರಿ ಮಾಡುವುದೇ ಸರಿ.

ಬೆಲ್ಲಕ್ಕಿಂತ ದೊಡ್ಡ ತಪ್ಪನ್ನು ನಾನು ಮಾಡಿದ್ದು ಆಮೇಲೆ. ಮಂಗಳೂರಿನಿಂದ ಅಷ್ಟು ದೂರ ವಾರಕ್ಕೆ ಮೂರು ಸಲ ಹೋಗಿಬರುವುದು ನನ್ನಿಂದಾಗದೆಂದು ಮನೆಗೆ ಮರಳುವ ದಾರಿಯಲ್ಲೇ ಗೊತ್ತಾಗಿತ್ತು. ಆದರೂ, ಬೆಲ್ಲದ ಪ್ರಸಂಗವಾದ ಮೇಲೆ ಇಲ್ಲವೆನ್ನಲು ಮುಖವಿಲ್ಲದೆ, ಮೂರು ವಾರ ಸುಮ್ಮನಿದ್ದೆ. ಕೊನೆಗೆ ಫೋನು ಮಾಡಿದಾಗ ತಿಳಿಯಿತು: ನನ್ನನ್ನು ನಂಬಿ ಅಕ್ಕ ಮಣಿಪಾಲದ ವಿದ್ಯಾರ್ಥಿನಿಯೊಬ್ಬಳನ್ನು ಬೇಡವೆಂದು ಕಳುಹಿಸಿದ್ದರು, ಆಕೆಗೆ ಅಷ್ಟರಲ್ಲಿ ಬೇರೆ ಕುದುರೆ ಸಿಕ್ಕಿತ್ತು. ಅಕ್ಕ ಬೈಯಲಿಲ್ಲ. "ಒಂದು ಮಾತು ಹೇಳಿದ್ದರೆ ಸಾಕಿತ್ತು" ಎಂದರು. ಮುಂದಿನ ಭಾನುವಾರ ಹೋಗಿ ಕ್ಷಮೆ ಕೇಳಿದೆ, ಆ ವಿದ್ಯಾರ್ಥಿನಿ ಮಾಡಬೇಕಾಗಿದ್ದ ಕೆಲಸವನ್ನು ಅಂದು ನಾನು ಮಾಡಿದೆ: ನಾಲ್ಕು ಗೊರಸುಗಳನ್ನೂ ಕೆರೆದು ತೊಳೆದು ಒರೆಸಿದೆ.