ಮುಚ್ಚಿದ ಹೋಟೆಲ್ಲಿಗೆ ಮತ್ತೆ ಬೋರ್ಡು

ನಾನಿರುವ ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಎಂದೋ ಮುಚ್ಚಿಹೋದ ಹೋಟೆಲ್ಲುಗಳು ಈಗ ಮತ್ತೆ ಬಾಗಿಲು ತೆಗೆಯುತ್ತಿವೆ. 1966ರಲ್ಲಿ ಡಲ್ಲಾಸ್‌ನಲ್ಲಿ ಶುರುವಾಗಿ 2008ರಲ್ಲಿ ಪೂರ್ತಿ ಬಂದ್ ಆಗಿದ್ದ ಸ್ಟೇಕ್ ಅಂಡ್ ಏಲ್ 2024ರಲ್ಲಿ ಇಲ್ಲಿನ ಬರ್ನ್ಸ್‌ವಿಲ್‌ನಲ್ಲಿ ತೆರೆಯಿತು. ಅದು ಮಾಂಸದ ಹೋಟೆಲ್ಲು, ನಮ್ಮ ಮನೆಯವರು ಆ ಕಡೆ ತಲೆ ಹಾಕಲಿಲ್ಲ. 2025ರ ಅಕ್ಟೋಬರಿನಲ್ಲಿ ಮಿನಿಯಾಪೊಲಿಸ್‌ಗೆ ಅಂಟಿಕೊಂಡಿರುವ ಸೇಂಟ್ ಲೂಯಿಸ್ ಪಾರ್ಕ್‌ನಲ್ಲಿ ಚೀ-ಚೀಸ್ ಮತ್ತೆ ಶುರುವಾದಾಗ ಮಾತ್ರ ಹೋಗಲೇಬೇಕಾಯಿತು. ಹೆಸರು ಕೇಳಿ ನಗಬೇಡಿ. ಬಳ್ಳಾರಿಯಲ್ಲಿ ಅಮ್ಮ ಈಗಾಗಲೇ ಸಾಕಷ್ಟು ನಕ್ಕಿದ್ದಾರೆ.

ಹೋಗಲು ಕಾರಣ ಇಬ್ಬರು. ಒಬ್ಬರು ನಮ್ಮ ಪಕ್ಕದ ಮನೆಯಾಕೆ, ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ. ಇನ್ನೊಬ್ಬ ಬಳ್ಳಾರಿಯಲ್ಲಿರುವ ನಮ್ಮ ಸೋದರಮಾವನ ಮಗ. ಮಾವ ನಡೆಸುತ್ತಿದ್ದ ಹೋಟೆಲ್ಲು ಮುಚ್ಚಿ ಎಷ್ಟೋ ವರ್ಷ ಆಯ್ತು. ಅದನ್ನು ಹಳೇ ಹೆಸರಲ್ಲೇ ಮತ್ತೆ ತೆಗೆಯಬೇಕು ಅನ್ನೋದು ಇವನ ತಲೆಗೆ ಹೊಕ್ಕಿದೆ. "ಅಲ್ಲಿ ಹೆಂಗ್ ಮಾಡ್ಯಾರ ನೋಡ್ಕಂಡು ಬಂದು ಹೇಳಣ್ಣ" ಅಂದ.

ಚೀ-ಚೀಸ್ ಮೆಕ್ಸಿಕನ್ ಊಟದ ಹೋಟೆಲ್ಲು. ಆದರೆ ಹುಟ್ಟಿದ್ದು ಮೆಕ್ಸಿಕೋದಿಂದ ಬಹಳ ದೂರದಲ್ಲಿ, ಹಿಮ ಬೀಳುವ ಈ ರಾಜ್ಯದ ರಿಚ್‌ಫೀಲ್ಡ್‌ನಲ್ಲಿ, 1975ರಲ್ಲಿ. ಶುರು ಮಾಡಿದ್ದು ಮಾರ್ನೊ ಮ್ಯಾಕ್‌ಡರ್ಮಟ್ ಮತ್ತು ಮ್ಯಾಕ್ಸ್ ಮೆಗೀ. ಮೆಗೀ ಅಮೆರಿಕನ್ ಫುಟ್‌ಬಾಲ್ ಆಟಗಾರ, ಆ ಆಟದ ದೊಡ್ಡ ಫೈನಲ್ ಆದ ಸೂಪರ್ ಬೌಲ್ ಮೊಟ್ಟಮೊದಲು ನಡೆದಾಗ ಮೊದಲ ಟಚ್‌ಡೌನ್ ಮಾಡಿ ಅಂಕ ಗಳಿಸಿದವನು. ಖಾರ ತಿಂದು ಗೊತ್ತಿಲ್ಲದ ಜನಕ್ಕೆ ಖಾರ ಕಡಿಮೆ ಮಾಡಿ ಬಡಿಸಿದರು, ಅದು ಹಿಡಿಸಿತು. ಒಂದು ಕಾಲಕ್ಕೆ 200ಕ್ಕೂ ಜಾಸ್ತಿ ಶಾಖೆಗಳಿದ್ದವು.

ಆಮೇಲೆ ಬಿದ್ದ ಕತೆ. 2003ರಲ್ಲಿ ಪೆನ್ಸಿಲ್ವೇನಿಯಾದ ಒಂದು ಶಾಖೆಯಲ್ಲಿ ಉಂಡವರಿಗೆ ಹೆಪಟೈಟಿಸ್ ಎ ಕಾಮಾಲೆ ಬಂತು. 600ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಕನಿಷ್ಠ ಮೂವರು ಸತ್ತರು. ಹುಡುಕುತ್ತಾ ಹೋದರೆ ಮೂಲ ಸಿಕ್ಕಿದ್ದು ಮೆಕ್ಸಿಕೋದಿಂದ ತರಿಸಿದ್ದ ಉಳ್ಳಾಗಡ್ಡಿ ತಪ್ಪಲಿನಲ್ಲಿ. ಅದನ್ನು ಹಸಿಯಾಗಿಯೇ ಹೆಚ್ಚಿ ಸಾಲ್ಸಾ ಅನ್ನೋ ಟೊಮೆಟೊ ಚಟ್ನಿಗೆ ಹಾಕುತ್ತಿದ್ದರು. ಮಿರ್ಚಿ ಜೊತೆ ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ಬೆಳೆದ ನನಗೆ ಇದನ್ನು ಓದುವಾಗ ಸ್ವಲ್ಪ ಹೆದರಿಕೆಯೇ ಆಯಿತು. ಉಳ್ಳಾಗಡ್ಡಿಯಿಂದಲೇ ಹೋಟೆಲ್ಲು ಮುಳುಗಿತು ಅಂತ ಇಲ್ಲಿ ಸುಮಾರು ಜನ ಹೇಳ್ತಾರೆ. ಅದು ಪೂರ್ತಿ ನಿಜ ಅಲ್ಲ. ಕಾಮಾಲೆ ಸುದ್ದಿ ಬರುವ ಮೊದಲೇ, ಅದೇ ವರ್ಷದ ಅಕ್ಟೋಬರಿನಲ್ಲಿ, ಕಂಪನಿ ದಿವಾಳಿ ಅರ್ಜಿ ಹಾಕಿತ್ತು. ಕಾಯಿಲೆ ಬಿದ್ದವನಿಗೆ ಮೇಲಿಂದ ಇನ್ನೊಂದು ಪೆಟ್ಟು, ಅಷ್ಟೇ. 2004ಕ್ಕೆ ಅಮೆರಿಕದಲ್ಲಿ ಎಲ್ಲ ಬಾಗಿಲೂ ಮುಚ್ಚಿದವು.

ಈಗ ಮತ್ತೆ ತೆಗೆದಿರುವುದು ಮಾರ್ನೊ ಅವರ ಮಗ ಮೈಕಲ್. ನನಗೆ ಸೋಜಿಗ ಅನ್ನಿಸಿದ್ದು ಇಲ್ಲಿ. ಅಪ್ಪ ಇಟ್ಟ ಹೆಸರು ಮಗನ ಕೈಯಲ್ಲಿ ಇರಲಿಲ್ಲ! ಅದು ಹೊರ್ಮೆಲ್ ಅನ್ನೋ ಆಹಾರ ಕಂಪನಿಯ ಸ್ವತ್ತು. ಹೋಟೆಲ್ಲುಗಳು ಮುಚ್ಚಿದ ಮೇಲೂ ಅಂಗಡಿಗಳಲ್ಲಿ ಚೀ-ಚೀಸ್ ಸಾಲ್ಸಾ ಬಾಟಲಿ ಮಾರಾಟ ಆಗ್ತಾನೇ ಇತ್ತು. ಮೈಕಲ್ ಆ ಕಂಪನಿಯವರ ಜೊತೆ ಕೂತು ಒಪ್ಪಂದ ಮಾಡಿಕೊಂಡು, ಹೆಸರು ಬಳಸುವ ಹಕ್ಕು ಪಡೆದು, ಆಮೇಲೆ ಬೋರ್ಡು ಹಾಕಿದ್ದು.

ನಾವು ಹೋದ ದಿನ ಪಕ್ಕದ ಮನೆಯಾಕೆ ಒಳಗೆ ಕಾಲಿಟ್ಟವರೇ ಮಾತು ಶುರು ಮಾಡಿದರು. ಮಗನ ಹುಟ್ಟುಹಬ್ಬಕ್ಕೆ ಹಳೇ ಹೋಟೆಲ್ಲಿನವರು ಅವನ ತಲೆಗೆ ದೊಡ್ಡ ಮೆಕ್ಸಿಕನ್ ಟೋಪಿ ಹಾಕಿ ಸುತ್ತ ನಿಂತು ಹಾಡಿದ್ದರಂತೆ. ಟೋಪಿ ಕಣ್ಣು ಮುಚ್ಚಿ ಮೂಗಿನ ತನಕ ಇಳಿದು ಮಗು ಅತ್ತಿತ್ತಂತೆ. ಚಿಮಿಚಾಂಗಾ ಬಂತು. ನಮ್ಮ ಚಪಾತಿಯೊಳಗೆ ಪಲ್ಯ ಮಡಚಿ ಮಿರ್ಚಿ ಥರ ಎಣ್ಣೆಗೆ ಬಿಟ್ಟರೆ ಹೇಗಿರುತ್ತೋ ಹಾಗೆ. ಅವರು ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. "ಹತ್ತಿರ ಇದೆ" ಅಂದರು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ನನಗೆ ಹಿಡಿಸಿದ್ದು ಕರಿದ ಐಸ್‌ಕ್ರೀಂ. ಮೇಲೆ ಬಿಸಿ ಬಿಸಿ ಗರಿ ಗರಿ, ಚಮಚ ಒತ್ತಿದರೆ ಒಳಗೆ ತಣ್ಣಗೆ. ನನಗೆ ಹಳೇ ನೆನಪಿನ ಭಾರ ಇಲ್ಲ, ಹಾಗಾಗಿ ಸುಮ್ನೆ ರುಚಿ ನೋಡಿದೆ.

ಆದರೆ ಅವರ ಮುಖ ನೋಡುತ್ತಾ ನನಗೆ ಮಾವನ ಹೋಟೆಲ್ಲಿನ ಫ್ಯಾಮಿಲಿ ರೂಮು ಕಣ್ಣ ಮುಂದೆ ಬಂತು. ಒಂದೇ ಹಾಲ್‌ಗೆ ಹಲಗೆ ಹೊಡೆದು ಮಾಡಿದ ಪುಟ್ಟ ಪುಟ್ಟ ಗೂಡು, ಹಸಿರು ಬಣ್ಣದ ಅರ್ಧ ಬಾಗಿಲು. ಹೊರಗೆ ನಿಂತವರಿಗೆ ಒಳಗಿನವರ ಕಾಲು ಮಾತ್ರ ಕಾಣುತ್ತಿತ್ತು. ಸಿರುಗುಪ್ಪ, ಕುರುಗೋಡು ಕಡೆಯಿಂದ ಮದುವೆ ಜವಳಿ ತೆಗೆಯಲು ಬಂದವರು ಅಲ್ಲೇ ಗಂಟು ಇಳಿಸುತ್ತಿದ್ದರು. ಹೆಂಗಸರು ಸೆರಗಿನಿಂದ ಬೆವರು ಒರೆಸಿಕೊಂಡು, ಫ್ಯಾನ್ ಕೆಳಗಿನ ಜಾಗಕ್ಕೆ ಮಕ್ಕಳನ್ನು ತಳ್ಳಿ, ವಗ್ಗಾಣಿ-ಮಿರ್ಚಿ ಹೇಳುತ್ತಿದ್ದರು. ಆಗ ಮನೆ ಹೆಣ್ಣುಮಕ್ಕಳು ಹೋಟೆಲ್ಲಿನಲ್ಲಿ ಕೂತು ಉಣ್ಣೋದೇ ಅಪರೂಪ. ಆ ಅರ್ಧ ಬಾಗಿಲಿನಿಂದಲೇ ಮಾವನಿಗೆ ಅರ್ಧ ವ್ಯಾಪಾರ ಆಗುತ್ತಿತ್ತು.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಹೆಸರಿನ ವಿಷಯಕ್ಕೆ ಮಾತ್ರ ನಮ್ಮ ಹುಡುಗ ನಕ್ಕುಬಿಟ್ಟ. ನಮ್ಮದು ದೇವರ ಹೆಸರು. ಬಳ್ಳಾರಿಯಿಂದ ಹೊಸಪೇಟೆ ಮುಟ್ಟುವಷ್ಟರಲ್ಲಿ ಆ ಹೆಸರಿನ ಹೋಟೆಲ್ಲು ಎಷ್ಟಿವೆಯೋ, ಯಾರ ಹತ್ತಿರ ಅಂತ ಹಕ್ಕು ಕೇಳೋದು? ಫ್ಯಾಮಿಲಿ ರೂಮು ಹಾಗೇ ಮಾಡಿಸ್ತೀನಿ, ಹಸಿರು ಬಾಗಿಲೂ ಇರಲಿ, ಜನ ಫೋಟೋ ಹಿಡೀತಾರೆ ಅಂದ. ಬಾಗಿಲು ನೋಡೋಕೆ ಒಂದು ಸಲ ಬರ್ತಾರೆ ಕಣೋ, ಎರಡನೇ ಸಲ ಬರೋದು ಮಿರ್ಚಿಗೆ ಅಂದೆ. ಸೇಂಟ್ ಲೂಯಿಸ್ ಪಾರ್ಕ್‌ನಲ್ಲಿ ನಾನು ನೋಡಿದ್ದೂ ಅದನ್ನೇ. ಸುತ್ತಲ ಟೇಬಲ್ಲುಗಳಲ್ಲಿ ತಲೆ ನೆರೆತವರೇ ಜಾಸ್ತಿ. ಅವರ ಜೊತೆ ಬಂದ ಮಕ್ಕಳು, ಮೊಮ್ಮಕ್ಕಳು ಮತ್ತೆ ಬರ್ತಾರಾ ಅನ್ನೋದರ ಮೇಲೆ ಇಡೀ ಲೆಕ್ಕ ನಿಂತಿದೆ.

ಅಷ್ಟರಲ್ಲಿ ಮಾವ ಫೋನ್ ಕಸಿದುಕೊಂಡರು. "ಹೆಸರು ಬಾಗ್ಲು ಎಲ್ಲಾ ಇರ್ಲಪ್ಪ, ಮಿರ್ಚಿ ಕರಿಯೋನ್ನ ಎಲ್ಲಿಂದ ತರ್ತಾನ ಕೇಳು ಇವನ್ನ" ಅಂದರು.

ಮಾತು ಸರಿ. ನಮ್ಮ ಹೋಟೆಲ್ಲಿನ ಹಳೇ ಅಡುಗೆಯವರು ತೀರಿಕೊಂಡಿದ್ದಾರೆ. ಅವರ ಮಗನಿಗೆ ಅಪ್ಪನ ಕೈ ಹದ ಬಂದಿದೆಯಂತೆ, ಆದರೆ ಈಗ ಊರಲ್ಲೇ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿದ್ದಾನೆ. ನಮ್ಮ ಹುಡುಗ ಹೋಗಿ ಕೇಳಿ ಬಂದಿದ್ದಾನೆ. ಅವನು ಬರ್ತೀನಿ ಅಂದಿಲ್ಲ, ಒಲ್ಲೆ ಅಂತಲೂ ಅಂದಿಲ್ಲ. ಪಗಾರದ ಮಾತು ನಡೀತಾ ಇದೆ.