ಬೊಲೊನ್ಯಾದಲ್ಲಿ ಉಳಿಯುವ ಯೋಚನೆಯೇ ಇರಲಿಲ್ಲ

ಇಟಲಿಯನ್ನು ಪೂರ್ತಿ ರೈಲಿನಲ್ಲೇ ನೋಡಬೇಕೆಂದು ಹಟ ಹಿಡಿದವರು ಅಪ್ಪ. ಅರಸೀಕೆರೆ ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾದವರು ಅವರು. ಯಾವ ದೇಶದ ಮಾತು ಬಂದರೂ ಅಲ್ಲಿನ ಹಳಿ, ಸಿಗ್ನಲ್ಲುಗಳಿಂದಲೇ ವಿಚಾರಣೆ ಶುರುವಾಗುತ್ತದೆ. ಟೂರ್ ಕಂಪನಿಯ ಬಸ್ಸು ಬೇಡವೇ ಬೇಡ ಎಂದರು. ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಇಬ್ಬರೂ ಕುಳಿತೆವು. ರೋಮ್‌ನಲ್ಲಿ ಇಳಿದು ಮಿಲಾನ್‌ನಿಂದ ವಾಪಸು ಹೊರಡುವುದು. ಹೀಗೆ ಮಾಡಿದರೆ ವಿಮಾನಕ್ಕಾಗಿ ಮತ್ತೆ ರೋಮ್‌ಗೆ ಹೋಗುವ ಶ್ರಮ ತಪ್ಪುತ್ತದೆ. ನಡುವೆ ಫ್ಲಾರೆನ್ಸ್, ರವೆನ್ನಾ, ವೆನಿಸ್. ನೇಪಲ್ಸ್ ಕೂಡ ಸೇರಿಸು ಎಂದವರು ಹಲವರು. ನಾನು ಒಪ್ಪಲಿಲ್ಲ. ಊರುಗಳ ಪಟ್ಟಿ ಉದ್ದವಾದಷ್ಟೂ ಪ್ರವಾಸವೆಲ್ಲ ಪೆಟ್ಟಿಗೆ ಕಟ್ಟುವುದು, ಬಿಚ್ಚುವುದರಲ್ಲೇ ಕಳೆಯುತ್ತದೆ.

ಆ ಪಟ್ಟಿಯಲ್ಲಿ ಬೊಲೊನ್ಯಾ ಇರಲಿಲ್ಲ. ರವೆನ್ನಾಕ್ಕೆ ಹೋಗಲು ರೈಲು ಬದಲಿಸುವ ಜಾಗ, ಅಷ್ಟೆ.

ರೋಮ್ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನಗೆ ಕೊಲೊಸಿಯಂಗಿಂತ ಪ್ಯಾಂಥಿಯಾನ್ ಹೆಚ್ಚು ಹಿಡಿಸಿತು. ಗುಮ್ಮಟದ ನಡುವಿನ ತೆರೆದ ವೃತ್ತದಿಂದ ಇಳಿಯುವ ಬಿಸಿಲು ಗೋಡೆಯ ಮೇಲೆ ಸರಿಯುವುದನ್ನು ನೋಡುತ್ತ ನಿಂತುಬಿಟ್ಟೆ. ಅಪ್ಪನ ಪ್ರವಾಸ ಶುರುವಾದದ್ದು ಟೆರ್ಮಿನಿ ನಿಲ್ದಾಣದಲ್ಲಿ. ರೋಮ್–ಫ್ಲಾರೆನ್ಸ್ ಅತಿವೇಗದ ಮಾರ್ಗದ ಮೊದಲ ಭಾಗ 1977ರಲ್ಲೇ ತೆರೆದದ್ದು, ಯೂರೋಪಿನಲ್ಲಿ ಇದೇ ಮೊದಲು ಎಂದು ಅವರು ಮನೆಯಲ್ಲೇ ಓದಿಕೊಂಡು ಬಂದಿದ್ದರು. "ಇವರ ಹಳಿಯ ಅಗಲ 1435 ಮಿಲಿಮೀಟರ್, ನಮ್ಮ ಬ್ರಾಡ್‌ಗೇಜ್ 1676. ಆದರೂ 250 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದೇವೆ ನೋಡಮ್ಮ, ಕಾಫಿ ಅಲುಗುತ್ತಿಲ್ಲ" ಎಂದು ದಾರಿಯುದ್ದಕ್ಕೂ ಲೋಟವನ್ನೇ ನೋಡುತ್ತಿದ್ದರು. ಒಂದೂವರೆ ಗಂಟೆಯಲ್ಲಿ ಫ್ಲಾರೆನ್ಸ್ ಬಂತು. ಅಲ್ಲಿ ಸ್ಯಾನ್ ಮಾರ್ಕೊ ಮಠದ ಸಣ್ಣ ಕೋಣೆಗಳಲ್ಲಿ ಫ್ರಾ ಆಂಜೆಲಿಕೊ ಬಿಡಿಸಿದ ಚಿತ್ರಗಳನ್ನು ಬಿಟ್ಟರೆ ನೆನಪಿನಲ್ಲಿ ಉಳಿದಿರುವುದು ಜನಜಂಗುಳಿಯೇ. ಎಲ್ಲರೂ ಹೊಗಳುವ ಪೊಂಟೆ ವೆಕ್ಕಿಯೊ ಸೇತುವೆ ನನಗೆ ಸಾಲು ಚಿನ್ನದಂಗಡಿಗಳಾಗಿ ಮಾತ್ರ ಕಂಡಿತು.

ಫ್ಲಾರೆನ್ಸ್‌ನಿಂದ ಬೊಲೊನ್ಯಾಕ್ಕೆ ಸುಮಾರು ನಲವತ್ತು ನಿಮಿಷ. ಅಪೆನೈನ್ ಬೆಟ್ಟಗಳ ಕೆಳಗೆ ಸುರಂಗದ ಹಿಂದೆ ಸುರಂಗ. ಅತಿವೇಗದ ರೈಲುಗಳು ನಿಲ್ಲುವುದೂ ನೆಲದಡಿಯ ಪ್ಲಾಟ್‌ಫಾರಂಗಳಲ್ಲಿ. ಎಸ್ಕಲೇಟರ್ ಹತ್ತಿ ಮೇಲೆ ಬಂದು ಬೋರ್ಡು ನೋಡಿದರೆ ರವೆನ್ನಾ ರೈಲಿನ ಮುಂದೆ ರದ್ದು ಎಂದಿತ್ತು. ಅದರ ಕೆಳಗಿನದೂ ರದ್ದು. ಮುಷ್ಕರ.

ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಇಟಲಿಯ ಕಾನೂನಿನ ಪ್ರಕಾರ ಸಾರಿಗೆ ಮುಷ್ಕರಕ್ಕೆ ಕನಿಷ್ಠ ಹತ್ತು ದಿನ ಮೊದಲೇ ನೋಟಿಸ್ ಕೊಡಬೇಕು. ನಮಗೆ ಟಿಕೆಟ್ ಮಾಡಿಕೊಟ್ಟ ಏಜೆಂಟ್ ಒಂದು ಸಾಲಿನ ಸಂದೇಶವನ್ನೂ ಕಳಿಸಿರಲಿಲ್ಲ. ಹೋಟೆಲಿನವರು ಮಾತ್ರ ಬೆಳಗ್ಗೆ ಕೊಠಡಿ ಬಾಡಿಗೆಯನ್ನು ಮರೆಯದೆ ವಸೂಲು ಮಾಡಿದರು. ಹೋಗುವವರು ಇಷ್ಟು ತಿಳಿದಿರಲಿ: ಅಲ್ಲಿನ ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ಮುಷ್ಕರದ ದಿನಾಂಕಗಳ ಪಟ್ಟಿ ಸಿಗುತ್ತದೆ, 'ಶೋಪೆರೊ' (sciopero, ಅಂದರೆ ಮುಷ್ಕರ) ಎಂದು ಹುಡುಕಬೇಕು. ದೂರದ ರೈಲುಗಳಲ್ಲಿ ಕೆಲವನ್ನು ಮುಷ್ಕರದ ದಿನವೂ ಓಡಿಸುತ್ತಾರೆ, ನಾವು ಬಂದದ್ದು ಹಾಗೆಯೇ. ಪ್ರಾದೇಶಿಕ ರೈಲುಗಳಿಗೆ ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಖಾತರಿಯ ಹೊತ್ತು. ಇನ್ನೊಂದು ಮಾತು, ಬೋರ್ಡಿನಲ್ಲಿ ರೈಲಿನ ಕೊನೆಯ ನಿಲ್ದಾಣದ ಹೆಸರಷ್ಟೇ ದೊಡ್ಡದಾಗಿರುತ್ತದೆ. ನೀವು ಇಳಿಯುವ ಊರನ್ನು ಅಲ್ಲಿ ಹುಡುಕುತ್ತ ನಿಲ್ಲಬೇಡಿ, ರೈಲಿನ ಸಂಖ್ಯೆಯನ್ನು ನೋಡಿ.

ಸಂಜೆ ಆರರವರೆಗೆ ರೈಲಿಲ್ಲ ಎಂದು ಖಚಿತವಾದ ಮೇಲೆ ಕಾಫಿಗೆಂದು ಹೊರಗೆ ಬಂದೆವು. ಅಪ್ಪ ಕಟ್ಟಡದ ಗೋಡೆಯತ್ತ ಕತ್ತೆತ್ತಿದವರು ತಮ್ಮ ಕೈಗಡಿಯಾರ ನೋಡಿಕೊಂಡರು. ಹನ್ನೊಂದೂ ಕಾಲು. ಗೋಡೆಯ ಗಡಿಯಾರದಲ್ಲಿ 10:25.

"ಇಷ್ಟು ದೊಡ್ಡ ಜಂಕ್ಷನ್, ಗಡಿಯಾರ ನಿಂತಿದೆಯಲ್ಲ! ಹೇಳುವವರು ಕೇಳುವವರು ಯಾರೂ ಇಲ್ಲವೇ?" ಎಂದರು. ನಿಜಕ್ಕೂ ಅಸಮಾಧಾನಗೊಂಡಿದ್ದರು. ಸ್ಟೇಷನ್ ಗಡಿಯಾರ ಅರ್ಧ ನಿಮಿಷ ತಪ್ಪಿದರೂ ಸಹಿಸದ ಮನುಷ್ಯ.

ಉತ್ತರ ಸಿಕ್ಕಿದ್ದು ನಿರೀಕ್ಷಣಾ ಕೊಠಡಿಯಲ್ಲಿ. ಅಲ್ಲಿ ಗೋಡೆಯ ಒಂದು ಭಾಗ ಸೀಳಿದಂತೆ ತೆರೆದಿದೆ, ಅದಕ್ಕೆ ಗಾಜು ಹಾಕಿದ್ದಾರೆ. ಪಕ್ಕದ ಫಲಕದಲ್ಲಿ ಹೆಸರುಗಳು, ಪ್ರತಿ ಹೆಸರಿನ ಮುಂದೆ ವಯಸ್ಸು. 1980ರ ಆಗಸ್ಟ್ 2, ಶನಿವಾರ, ಬೆಳಗ್ಗೆ 10:25ಕ್ಕೆ ಇದೇ ಕೊಠಡಿಯಲ್ಲಿ ಯಾರೋ ಇಟ್ಟುಹೋದ ಸೂಟ್‌ಕೇಸಿನಲ್ಲಿದ್ದ ಬಾಂಬು ಸಿಡಿಯಿತು. ಬೇಸಿಗೆ ರಜೆಗೆ ಹೊರಟ ಜನರಿಂದ ನಿಲ್ದಾಣ ತುಂಬಿತ್ತು. ಸತ್ತವರು 85 ಮಂದಿ, ಗಾಯಗೊಂಡವರು ಇನ್ನೂರಕ್ಕೂ ಹೆಚ್ಚು. ನವ ಫ್ಯಾಸಿಸ್ಟ್ ಗುಂಪಿನವರಿಗೆ ಶಿಕ್ಷೆಯಾಯಿತು, ಆದರೆ ಹಿಂದಿದ್ದವರ ಕುರಿತ ಮೊಕದ್ದಮೆಗಳು ನಲವತ್ತು ವರ್ಷ ದಾಟಿಯೂ ನಡೆದವು. ನಾನು ಆ ಫಲಕವನ್ನು ಓದುತ್ತ ಹೋದೆ. ಒಂದು ಹೆಸರಿನ ಮುಂದೆ ವಯಸ್ಸು ಮೂರು ಎಂದಿತ್ತು. ಮುಂದಕ್ಕೆ ಓದಲಾಗಲಿಲ್ಲ, ಬೆಂಚಿಗೆ ಬಂದು ಕುಳಿತೆ.

ಪಕ್ಕದಲ್ಲಿ ವಯಸ್ಸಾದ ದಂಪತಿ, ಜೊತೆಗೆ ಮೊಮ್ಮಗಳು. ಅವರೂ ಇಮೋಲಾಗೆ ಹೋಗಲಾಗದೆ ಸಿಕ್ಕಿಬಿದ್ದವರು. ಅಪ್ಪ ನನ್ನ ಮೂಲಕ, ಆ ಹುಡುಗಿಯ ಇಂಗ್ಲಿಷಿನ ಮೂಲಕ ಕೇಳಿದರು: "ಅಂದಿನಿಂದ ಗಡಿಯಾರವನ್ನು ಹಾಗೇ ಬಿಟ್ಟಿದ್ದಾರೆಯೇ?"

"ಇಲ್ಲ" ಎಂದರು ಅಜ್ಜ.

"ಹೌದು" ಎಂದರು ಅಜ್ಜಿ, ಅದೇ ಕ್ಷಣದಲ್ಲಿ.

ಅಜ್ಜ ಊರಾಚೆಯ ಯಂತ್ರದ ಕಾರ್ಖಾನೆಯಲ್ಲಿದ್ದವರು, ದಿನಾ ಇದೇ ನಿಲ್ದಾಣದಿಂದ ಕೆಲಸಕ್ಕೆ ಹೋಗುತ್ತಿದ್ದರು. ಸ್ಫೋಟವಾದ ಸ್ವಲ್ಪ ಕಾಲಕ್ಕೇ ಗಡಿಯಾರವನ್ನು ರಿಪೇರಿ ಮಾಡಿದರು, ಮತ್ತೆ ವರ್ಷಗಟ್ಟಲೆ ಓಡಿತು, ನಾನು ಅದನ್ನು ನೋಡಿಯೇ ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದೆ ಎಂದರು. 1996ರಲ್ಲಿ ಅದು ಕೆಟ್ಟಿತಂತೆ, ಆಮೇಲೆ ಮುಳ್ಳುಗಳನ್ನು 10:25ಕ್ಕೇ ಶಾಶ್ವತವಾಗಿ ನಿಲ್ಲಿಸಿದರಂತೆ.

ಅಜ್ಜಿ ತಲೆಯಾಡಿಸುತ್ತಲೇ ಇದ್ದರು. ಅವರು ಆಸ್ಪತ್ರೆಯಲ್ಲಿ ಸಹಾಯಕಿಯಾಗಿದ್ದವರು, ರಜೆಯಲ್ಲಿದ್ದರೂ ಸುದ್ದಿ ಕೇಳಿ ಓಡಿಬಂದವರು. ಆಂಬ್ಯುಲೆನ್ಸ್‌ಗಳು ಸಾಲದೆ ಟ್ಯಾಕ್ಸಿಗಳಲ್ಲಿ ಗಾಯಾಳುಗಳನ್ನು ತಂದರು. 37ನೇ ನಂಬರಿನ ನಗರ ಬಸ್ಸಿನ ಕಿಟಕಿಗಳಿಗೆ ಬಿಳಿ ಹೊದಿಕೆ ಕಟ್ಟಿ ಶವಗಳನ್ನು ಸಾಗಿಸಿದರು. "ಅವತ್ತಿನಿಂದ ಆ ಮುಳ್ಳು ಓಡಿದ್ದನ್ನು ನಾನು ನೋಡಿಲ್ಲ" ಎಂದರು. ಅಜ್ಜ ಏನೋ ಹೇಳಹೋದರು. ಅಜ್ಜಿ ಅವರ ಮೊಣಕಾಲ ಮೇಲೆ ಕೈಯಿಟ್ಟು ಮತ್ತೆ ಹೇಳಿದರು, "ನೋಡಿಲ್ಲ."

ಅಪ್ಪ ಇದನ್ನೆಲ್ಲ ವಿಚಾರಣೆಯಂತೆ ಗಮನವಿಟ್ಟು ಕೇಳಿದರು. "ಸ್ಟೇಷನ್ ಡೈರಿಯಲ್ಲಿ ಬರೆದಿರಲೇಬೇಕು. ಗಡಿಯಾರ ನಿಂತದ್ದು, ರಿಪೇರಿಯಾದದ್ದು, ಎಲ್ಲಕ್ಕೂ ದಿನಾಂಕ ಸಮೇತ ದಾಖಲೆ ಇರುತ್ತದೆ ಎಂದು ಇವರಿಗೆ ಹೇಳು" ಎಂದರು. ಹೇಳಿದೆ. ನಂತರ ಅವರೇ ಮೆಲ್ಲಗೆ, "ಒಳಗೆ ಕೆಲಸ ಮಾಡುತ್ತಿದ್ದವರು ಯಾರಾದರೂ ಹೋದರೇ ಕೇಳು" ಎಂದರು. ಮೇಲಿನ ಮಹಡಿಯಲ್ಲಿ ಊಟೋಪಚಾರ ಕಂಪನಿಯ ಕಚೇರಿ ಇತ್ತು, ಅಲ್ಲಿದ್ದ ಹೆಣ್ಣುಮಕ್ಕಳು ಸತ್ತರು ಎಂದು ಅಜ್ಜ ಹೇಳಿದಾಗ ಅಪ್ಪ ಎದ್ದು ಫಲಕದ ಮುಂದೆ ಹೋಗಿ, ಚಪ್ಪಲಿ ಬಿಟ್ಟು ನಿಂತು ಕೈಮುಗಿದರು. ಅಜ್ಜಿಯೂ ಹೋಗಿ ಅವರ ಪಕ್ಕದಲ್ಲಿ ನಿಂತರು.

ಊರಿಗೆ ಬಂದ ಮೇಲೆ ಓದಿ ನೋಡಿದೆ. ಅಜ್ಜ ಹೇಳಿದ್ದೇ ಸರಿ. ಆದರೆ ಮನಶ್ಶಾಸ್ತ್ರಜ್ಞರು ಬೊಲೊನ್ಯಾದ ಜನರನ್ನು ಕೇಳಿದಾಗ ಬಹುಪಾಲು ಮಂದಿ, ಗಡಿಯಾರ ಓಡುತ್ತಿದ್ದ ವರ್ಷಗಳಲ್ಲಿ ಅದರಡಿ ಓಡಾಡಿದವರೂ ಸೇರಿ, ಅದು 1980ರಿಂದಲೂ ನಿಂತೇ ಇತ್ತು ಎಂದಿದ್ದಾರೆ. ಅಜ್ಜಿ ಒಬ್ಬರೇ ಅಲ್ಲ. ಈ ಸಂಗತಿ ನನ್ನನ್ನು ಇನ್ನೂ ಕಾಡುತ್ತಿದೆ.

ಮಧ್ಯಾಹ್ನ ಊರೊಳಗೆ ನಡೆದೆವು. ಬೀದಿಗಳ ಇಕ್ಕೆಲದಲ್ಲೂ ಕಂಬಸಾಲಿನ ಮಂಟಪಗಳು. 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಬಿಸಿಲು ಮಳೆಯ ಚಿಂತೆಯಿಲ್ಲದೆ ಎಷ್ಟು ದೂರವಾದರೂ ನಡೆಯಬಹುದು. ಫ್ಲಾರೆನ್ಸ್‌ನ ನೂಕುನುಗ್ಗಲು ಇಲ್ಲಿಲ್ಲ, ಊರು ತನ್ನ ಜನರಿಗಾಗಿಯೇ ಬದುಕುತ್ತಿದೆ. ಸಸ್ಯಾಹಾರಿಗಳು ತೊರ್ತೆಲ್ಲೀನಿ ಕೇಳಬಾರದು, ಅದರೊಳಗೆ ಹಂದಿಮಾಂಸವಿರುತ್ತದೆ. ರಿಕೋಟಾ ಎಂಬ ಮೆತ್ತನೆಯ ಚೀಸ್ ತುಂಬಿದ ತೊರ್ತೆಲ್ಲೋನಿ ಕೇಳಿ. ಬೆಣ್ಣೆ ಮತ್ತು ಸೇಜ್ ಎಲೆಯಲ್ಲಿ ಹೊರಳಿಸಿ ಕೊಡುತ್ತಾರೆ. ಇಟಲಿಯಲ್ಲಿ ನಾನು ಉಂಡ ಅತ್ಯುತ್ತಮ ಊಟ ಅದೇ.

ಆರು ಗಂಟೆಯ ಮೇಲೆ ರೈಲು ಬಂತು. ದಂಪತಿ ನಮ್ಮ ಎದುರೇ ಕುಳಿತರು, ಇಮೋಲಾದವರೆಗೂ ಗಡಿಯಾರದ ವಾದ ನಡೆದೇ ಇತ್ತು. ಇಳಿಯುವಾಗ ಅಜ್ಜಿ ಅಪ್ಪನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದರು. ಅನುವಾದಿಸಲು ಮೊಮ್ಮಗಳಿಗೆ ಹೊತ್ತಿರಲಿಲ್ಲ.

ರವೆನ್ನಾದ ಗಾಲಾ ಪ್ಲಾಸಿಡಿಯಾ ಸಮಾಧಿಮಂದಿರದ ನೀಲಿ ಚಾವಣಿ, ಅದರ ಚಿನ್ನದ ನಕ್ಷತ್ರಗಳು ಯಾರ ಕಣ್ಣನ್ನೂ ತಣಿಸುತ್ತವೆ. ವೆನಿಸ್‌ಗೆ ಸಮುದ್ರದ ಮೇಲಿನ 1846ರ ಸೇತುವೆ ದಾಟಿ ರೈಲಿನಲ್ಲೇ ಹೋಗಬೇಕು. ಮೆಸ್ಟ್ರೆಯಲ್ಲಿ ಇಳಿಯದೆ ಸಾಂಟಾ ಲೂಚಿಯಾವರೆಗೂ ಕುಳಿತಿರಿ, ಹೊರಬಿದ್ದರೆ ಎದುರಿಗೇ ಕಾಲುವೆ.

ಈಗ ಯಾರಾದರೂ ಯೋಜನೆ ಕೇಳಿದರೆ ಬೊಲೊನ್ಯಾದಲ್ಲೇ ಕೊಠಡಿ ಮಾಡಿಕೊಳ್ಳಿ ಎನ್ನುತ್ತೇನೆ. ಫ್ಲಾರೆನ್ಸ್, ರವೆನ್ನಾ, ವೆನಿಸ್ ಮೂರಕ್ಕೂ ಅಲ್ಲಿಂದ ಬೆಳಗ್ಗೆ ಹೋಗಿ ರಾತ್ರಿಯೊಳಗೆ ಮರಳಬಹುದು. ಪ್ರತಿ ಆಗಸ್ಟ್ 2ರಂದು ಊರ ಜನ ಮೆರವಣಿಗೆಯಲ್ಲಿ ನಿಲ್ದಾಣಕ್ಕೆ ಬಂದು 10:25ಕ್ಕೆ ಒಂದು ನಿಮಿಷ ಮೌನ ಆಚರಿಸುತ್ತಾರೆ. ಆ ದಿನಕ್ಕೆ ಸರಿಹೊಂದುವ ವಿಮಾನದ ಟಿಕೆಟನ್ನು ಅಪ್ಪ ಹುಡುಕುತ್ತಿದ್ದಾರೆ.